ಅಪ್ಪಾಸಾಬ ಕಟ್ಟುತ್ತಿದ್ದ ಕಂತು

ರೇಷ್ಮಾಳಿಗೆ ಒಂದು ಗೋಡೆ ಬೇಕಿತ್ತು. ಯಾರ ಅಪ್ಪಣೆಯನ್ನೂ ಕೇಳದೆ ಮೊಳೆ ಹೊಡೆಯಬಹುದಾದ ಸ್ವಂತದ್ದೊಂದು ಗೋಡೆ. ಗಂಡ ಪರಮೇಶನ ಜೊತೆ ಗಲಗಲಿ ಬಿಟ್ಟು ಬನಹಟ್ಟಿಗೆ ಬಂದ ಐದು ವರ್ಷದಲ್ಲಿ ಅವಳು ಮೂರು ಬಾಡಿಗೆ ಮನೆ ಕಂಡಿದ್ದಳು. ಮೊದಲನೆಯದರಲ್ಲಿ ಕ್ಯಾಲೆಂಡರ್ ತೂಗುಹಾಕಿದ್ದಕ್ಕೆ ಮಾಲೀಕನ ಹೆಂಡತಿ ಮೂರು ದಿನ ಮಾತು ಬಿಟ್ಟಿದ್ದಳು. ಎರಡನೆಯದರಲ್ಲಿ, ಇವಳ ಕಂಡಿಕಿ ಸುತ್ತುವ ಯಂತ್ರದ ಸಪ್ಪಳಕ್ಕೆ ಪಕ್ಕದ ಮನೆಯ ಕೂಸು ನಿದ್ದೆ ಮಾಡುವುದಿಲ್ಲ ಎಂದು ಖಾಲಿ ಮಾಡಿಸಿದರು. ಬನಹಟ್ಟಿಯಲ್ಲಿ! ಓಣಿ ಓಣಿಗೂ ಮಗ್ಗ ಗಡಗಡ ಅನ್ನುವ ಊರಿನಲ್ಲಿ, ಮಗ್ಗಕ್ಕೆ ನೂಲು ಸುತ್ತಿಕೊಡುವ ಅಷ್ಟು ಪುಟ್ಟ ಯಂತ್ರಕ್ಕೆ ಕೂಸು ಎದ್ದು ಕೂರುತ್ತದಂತೆ! ಬಾಡಿಗೆಯವರನ್ನು ಎಬ್ಬಿಸಬೇಕು ಅಂತಾದರೆ ಮಂದಿಗೆ ಯಾವ ನೆಪವಾದರೂ ಆದೀತು.

ಮೂರನೆಯ ಮನೆ ಹೊಳಬಸಪ್ಪನದು. ಎರಡು ಕೋಣೆ, ಒಂದು ಪಡಸಾಲೆ, ಹಿಂದೆ ಅಂಗೈಯಗಲ ಹಿತ್ತಲು. ಈ ವರ್ಷ ಕಾರಹುಣ್ಣಿಮೆ ಮುಗಿದ ವಾರ ಹೊಳಬಸಪ್ಪ ತಾನಾಗಿಯೇ ಬಂದು ಪಡಸಾಲೆಯಲ್ಲಿ ಕೂತ.

"ಹೊಸಾ ಮಗ್ಗ ತರಬೇಕಾಗೇತಿ, ಈ ಮನಿ ಮಾರಾಂವ ಅದೀನಿ," ಎಂದ. "ನೀವು ಛಲೋ ಮಂದಿ. ಅದಕ ಮೊದಲ ನಿಮಗ ಕೇಳಾಕತ್ತೇನಿ."

ಹದಿನಾಲ್ಕು ಲಕ್ಷಕ್ಕೆ ಮಾತಾಯಿತು. ಗಂಡಹೆಂಡಿರು ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟದ್ದು ನಾಲ್ಕು ಲಕ್ಷ. ಉಳಿದ ಹತ್ತು ಲಕ್ಷ ಬ್ಯಾಂಕಿನ ಗೃಹಸಾಲ. ಇದ್ದದ್ದರಲ್ಲಿ ಒಂದು ಲಕ್ಷ ಮುಂಗಡ ಇಸಾರ ಕೊಟ್ಟು ಕಾಗದ ಮಾಡಿಕೊಂಡರು. ಗಣಪತಿ ಹಬ್ಬದೊಳಗೆ ಪೂರ್ತಿ ಹಣ ಕೊಡದಿದ್ದರೆ ಮನೆಯೂ ಕೈಬಿಟ್ಟಂತೆ, ಇಸಾರದ ಲಕ್ಷವೂ ಕೈಬಿಟ್ಟಂತೆ. ರೇಷ್ಮಾ ಅಂದು ಹಿತ್ತಲಲ್ಲಿ ನಿಂತು ಗೋಡೆಯನ್ನು ಕೈಯಿಂದ ಸವರಿ ಸವರಿ ನೋಡಿದಳು.

ಪರಮೇಶನಿಗೆ ಚಿಂತೆಯೇ ಇರಲಿಲ್ಲ. ಅವನು ತನ್ನ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಬನಹಟ್ಟಿಯ ಸೀರೆಗಂಟುಗಳನ್ನು ಜಮಖಂಡಿ, ಮುಧೋಳದ ಅಂಗಡಿಗಳಿಗೆ ಮುಟ್ಟಿಸುವವನು. "ಬ್ಯಾಂಕಿನವ್ರು ಏನ್ ನೋಡ್ತಾರಲೇ? ಇಂವ ಕಟ್ಟಾಂವ ಹೌದೋ ಅಲ್ಲೋ, ಅಷ್ಟ ನೋಡ್ತಾರ," ಎಂದ. "ನಮ್ಮ ಗಾಡಿ ಸಾಲದ್ದು ಒಂದರ ಕಂತು ತಪ್ಪೇತೇನು?"

ಒಂದೂ ತಪ್ಪಿಲ್ಲ ಎಂದೇ ಅವನು ನಂಬಿದ್ದ. ಆ ಕಂತು ಕಟ್ಟುತ್ತಿದ್ದವನು ಅವನ ಅಪ್ಪ, ಅಪ್ಪಾಸಾಬ. ಅಪ್ಪಾಸಾಬ ಸತ್ತು ಎರಡು ವರ್ಷವಾಗುತ್ತ ಬಂದಿತ್ತು.

ಗಾಬರಿಯಾಗಬೇಡಿ, ಮೊದಲಿಂದ ಹೇಳುತ್ತೇನೆ. ಬೀರಪ್ಪನ ಒಕ್ಕಲಿನ ಅಪ್ಪಾಸಾಬ ಕಾಲು ಬಂದಾಗಿನಿಂದ ಕುರಿಯ ಹಿಂದೆ ನಡೆದವನು. ಮಗ ಗಾಡಿ ಕೊಳ್ಳುತ್ತೇನೆ ಅಂದಾಗ ಮುದುಕ ತನ್ನ ಹದಿನೇಳು ಕುರಿಗಳನ್ನು ಒಂದೇ ಸಂತೆಯಲ್ಲಿ ಮಾರಿದ. ಬಂದ ಒಂದು ಲಕ್ಷ ಮೂವತ್ತಾರು ಸಾವಿರವನ್ನು ತನ್ನ ಖಾತೆಗೆ ಹಾಕಿ, ಗಾಡಿಗೆ ಸಾಲ ಕೊಟ್ಟ ಫೈನಾನ್ಸಿನವರಿಗೆ, "ಕಂತು ನನ್ನ ಖಾತೇದಾಗಿಂದನ ಹರಕೊಳ್ರಿ, ಇದು ತೀರೂದ್ರಾಗ ಮತ್ತ ಹಾಕತೇನಿ" ಎಂದ. ಸಾಲದ ಕಾಗದಕ್ಕೆ ಪರಮೇಶನ ಸಹಿ, ರೇಷ್ಮಾಳ ಸಹಿ, ಮುದುಕನ ಹೆಬ್ಬೆಟ್ಟು. ವಿಳಾಸ ಗಲಗಲಿಯ ಮನೆಯದು. ಫೋನ್ ನಂಬರೂ ಮುದುಕನದೇ, ಯಾಕೆಂದರೆ ಸಿಮ್ ಬದಲಿಸುವುದರಲ್ಲಿ ಪರಮೇಶ ಎತ್ತಿದ ಕೈ. ಅರವತ್ತು ಕಂತು. ಪ್ರತಿ ತಿಂಗಳ ಐದನೇ ತಾರೀಖು ಮುಂಜಾನೆ ಐದು ಸಾವಿರದ ನಾಲ್ಕುನೂರು ತಾನಾಗಿಯೇ ಕಡಿದು ಹೋಗುತ್ತಿತ್ತು, ಹೋದ ಕೂಡಲೇ ಮುದುಕನ ಬಟನ್ ಫೋನು ಒಮ್ಮೆ ಗುರ್ ಎಂದು ಸಪ್ಪಳ ಮಾಡುತ್ತಿತ್ತು. "ನನ್ನ ಕುರಿ ಹೊಂಟ್ವು" ಎಂದು ಅವನು ನಗುತ್ತಿದ್ದ. ಎಂಟು ಕಂತು ಹೋಗಿದ್ದವು. ಶ್ರಾವಣದ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ.

ಮಣ್ಣು ಮಾಡಿ, ದಿನ ಮುಗಿಸಿ, ಗಲಗಲಿಯ ಮನೆಗೆ ಬೀಗ ಜಡಿದು ಅವನ ಹೆಂಡತಿ ಸಿದ್ದಕ್ಕ ಮಗನ ಜೊತೆ ಬನಹಟ್ಟಿಗೆ ಬಂದಳು. ಬರುವಾಗ ಗಂಡನ ಫೋಟೋ, ಅವನು ಹೊದೆಯುತ್ತಿದ್ದ ಕರೀ ಕಂಬಳಿ, ಅವನ ಫೋನು, ಈ ಮೂರನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದಳು. ದೇವರ ಜಗಲಿಯ ಪಕ್ಕ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಮೇಲೆ ಫೋಟೋ ನಿಲ್ಲಿಸಿ, ಮಡಿಕೆಯೊಳಗೆ ಫೋನನ್ನು ತೂರಿಸಿಟ್ಟಳು. ಚಾರ್ಜರಿನ ವೈರು ಫೋಟೋದ ಹಿಂದಿನಿಂದ ಹೊರಗೆ ಬರುತ್ತಿತ್ತು.

ಮುಂದಿನ ತಿಂಗಳ ಐದನೇ ತಾರೀಖು. ಇನ್ನೂ ಪೂರ್ತಿ ಬೆಳಗಾಗಿರಲಿಲ್ಲ, ರೇಷ್ಮಾ ಒಲೆಯ ಮುಂದಿದ್ದಳು. ಕಂಬಳಿಯೊಳಗಿಂದ ಗುರ್ ಎಂಬ ಸಪ್ಪಳ ಬಂತು. ಕರಿ ಉಣ್ಣೆಯ ಎಳೆಗಳ ನಡುವೆ ಒಂದು ಹಸಿರು ಬೆಳಕು ಎರಡು ಕ್ಷಣ ಉರಿದು ಆರಿತು. ಅವಳ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಸಿದ್ದಕ್ಕ ಮಾತ್ರ ಹಾಸಿಗೆಯಿಂದ ಎದ್ದು, ಸೆರಗು ತಲೆಗೆ ಹೊದ್ದು, ಕಾದು ಕೂತವಳ ಹಾಗೆ ಅಂದಳು:

"ಬಂದ್ರು. ನೋಡಿದೇನ ಬೇ? ಸತ್ತರೂ ಮಗನ ಕಂತು ಬಿಟ್ಟಿಲ್ಲ."

ಪರಮೇಶ ಹಲ್ಲುಜ್ಜುತ್ತ ಬಂದವನು, "ಯವ್ವಾ, ಬ್ಯಾಂಕಿಗೆ ಹೋಗಿ ತಿಳಸಬೇಕು, ಅಪ್ಪ ತೀರಕೊಂಡಾನ ಅಂತ" ಅಂದ.

"ತಿಳಿಸಿ?" ಸಿದ್ದಕ್ಕನ ದನಿ ಬದಲಾಯಿತು. "ಊರಾಗ ಸತ್ತದ್ದು ಸಾಲಲಿಲ್ಲೇನ? ಅಲ್ಲೂ ಸಾಯಿಸಿ ಬರ್ತೀಯೇನ ಅವನ್ನ?"

ಅಲ್ಲಿಗೆ ಆ ಮಾತು ಮುಗಿಯಿತು. ಖಾತೆಯಲ್ಲಿ ಎಷ್ಟಿದೆ ಎಂದು ಪರಮೇಶ ಒಮ್ಮೆಯೂ ವಿಚಾರಿಸಲಿಲ್ಲ. ಅಪ್ಪ ಬದುಕಿದ್ದಾಗ ಅಪ್ಪನ ರೊಕ್ಕದ ಲೆಕ್ಕ ಕೇಳಿದ ಮಗ ಆ ಮನೆತನದಲ್ಲಿ ಹುಟ್ಟಿಲ್ಲ. ಸತ್ತ ಮೇಲೆ ಕೇಳುವುದಂತೂ ಅವನ ಪಾಲಿಗೆ ಹೆಣದ ಕಿಸೆಗೆ ಕೈ ಹಾಕಿದಂತೆ. ಭಕ್ತಿಯೇನೋ ದೊಡ್ಡದೇ. ಆದರೆ ಅರವತ್ತನ್ನು ಐದು ಸಾವಿರದ ನಾಲ್ಕುನೂರರಿಂದ ಗುಣಿಸಲು ಭಕ್ತಿ ಅಡ್ಡ ಬರಬಾರದಿತ್ತು, ಅಲ್ಲವೇ?

ಸಿದ್ದಕ್ಕ ಒಂದು ಕಟ್ಟಳೆ ಮಾಡಿದಳು: ಆ ಫೋನನ್ನು ಯಾರೂ ತೆರೆಯಕೂಡದು. ಹೋದವರ ಪೆಟ್ಟಿಗೆ ವರ್ಷದವರೆಗೆ ತೆಗೆಯುವುದಿಲ್ಲ, ಹಾಗೆಯೇ ಇದೂ. ವರ್ಷ ತುಂಬಿತು, ಕಟ್ಟಳೆ ಹಾಗೇ ಉಳಿಯಿತು. ಪ್ರತಿ ಐದನೇ ತಾರೀಖು ಅವಳು ಕತ್ತಲಿರುವಾಗಲೇ ಎದ್ದು ಊದಿನಕಡ್ಡಿ ಹಚ್ಚಿ ಕೂರುತ್ತಿದ್ದಳು. ಸಪ್ಪಳ ಬಂದ ಮೇಲೆ ಒಂದು ಕಪ್ ಚಹಾ ಕಂಬಳಿಯ ಮುಂದೆ ಇಟ್ಟು, ತಣ್ಣಗಾದ ಮೇಲೆ ತಾನೇ ಕುಡಿಯುತ್ತಿದ್ದಳು. ಫೋನು ಸಾಯಬಾರದೆಂದು ಪ್ರತಿ ತಿಂಗಳು ದುರಗೇಶನ ಮೊಬೈಲ್ ಅಂಗಡಿಗೆ ನಡೆದು ಹೋಗಿ ರಿಚಾರ್ಜ್ ಮಾಡಿಸುತ್ತಿದ್ದಳು. ಯಾವ ರೊಕ್ಕದಿಂದ ಅಂತೀರಿ? ವಿಧವಾ ವೇತನದ ರೊಕ್ಕದಿಂದ! ಸತ್ತ ದಾಖಲೆ ತೋರಿಸಿ ಸರ್ಕಾರದಿಂದ ತಂದ ದುಡ್ಡಿನಲ್ಲಿ ಗಂಡನನ್ನು ಬದುಕಿಸಿಟ್ಟುಕೊಂಡವಳು ಬನಹಟ್ಟಿಯಲ್ಲಿ ಇವಳೊಬ್ಬಳೇ ಇರಬೇಕು.

ರೇಷ್ಮಾಳಿಗೆ ಹೆದರಿಕೆಯೂ ಆಗುತ್ತಿತ್ತು, ಒಳಗೊಳಗೇ ಹಿತವೂ ಆಗುತ್ತಿತ್ತು. ತಿಂಗಳಿಗೆ ಐದು ಸಾವಿರ ಉಳಿಯುತ್ತಿತ್ತು, ಅದು ಗೋಡೆಯ ಲೆಕ್ಕಕ್ಕೆ ಹೋಗುತ್ತಿತ್ತು. ಮಾವ ತನ್ನ ಮನೆಯ ಸಲುವಾಗಿಯೇ ದುಡಿಯುತ್ತಿದ್ದಾನೆ ಎಂದು ಅವಳಿಗೆ ನಿಜವಾಗಿಯೂ ಅನ್ನಿಸುತ್ತಿತ್ತು. ಐದನೇ ತಾರೀಖಿನ ಆ ಸಪ್ಪಳಕ್ಕೆ ಅವಳೂ ಕೈ ಮುಗಿಯಲು ಕಲಿತಳು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಸಪ್ಪಳ ಬದಲಾಯಿತು. ಐದನೇ ತಾರೀಖು ಒಮ್ಮೆ ಬರಬೇಕಾದದ್ದು ಮೂರು ಸಲ ಬಂತು. ಮರುದಿನ ಮತ್ತೆ ಬಂತು. ಆಮೇಲಿನ ತಿಂಗಳು ಹಾಡುಹಗಲೇ ಫೋನು ರಿಂಗಾಗತೊಡಗಿತು. ಮನೆಯಲ್ಲಿ ರೇಷ್ಮಾ ಒಬ್ಬಳೇ ಇದ್ದಾಗ, ಮಗ್ಗಗಳು ಕರೆಂಟು ಹೋಗಿ ನಿಂತು ಓಣಿ ಗಪ್ಪಾದಾಗ, ಕಂಬಳಿಯೊಳಗೆ ಯಾರೋ ಹಲ್ಲು ಕಡಿದಂತೆ ಅದು ನಡುಗುತ್ತಿತ್ತು. ನಿಂತು, ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಬಿಟ್ಟು, ಮತ್ತೆ ನಡುಗುತ್ತಿತ್ತು. ಕಂಬಳಿ ತಾನಾಗಿ ಅಲುಗಿ ಅಲುಗಿ, ಮೇಲಿದ್ದ ಫೋಟೋ ಒಂದು ದಿನ ಬೋರಲು ಬಿತ್ತು.

"ಸಮಾಧಾನ ಇಲ್ಲ ಅವ್ರಿಗೆ," ಎಂದಳು ಸಿದ್ದಕ್ಕ. "ಏನೋ ಬೇಡಾಕತ್ತಾರ."

ಬೇಡಿದ್ದನ್ನೆಲ್ಲ ಕೊಟ್ಟರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಹೂರಣಗಡಬು ಎಡೆ ಇಟ್ಟರು. ಬೀರಪ್ಪನ ಗುಡಿಯಿಂದ ಭಂಡಾರ ತಂದು ಫೋನಿಗೆ ಹಚ್ಚಿದರು. ಬಟನ್ನುಗಳ ಸಂದಿಯಲ್ಲಿ ಅರಿಷಿಣ ಕೂತಿತು. ಆದರೂ ರಿಂಗು ನಿಲ್ಲಲಿಲ್ಲ. ವಾರಕ್ಕೆ ಎರಡು ಇದ್ದದ್ದು ದಿನಕ್ಕೆ ನಾಲ್ಕಾಯಿತು.

ಇಲ್ಲಿ ರೇಷ್ಮಾಳ ತಪ್ಪನ್ನೂ ಹೇಳಿಬಿಡಬೇಕು. ಅವಳು ಹತ್ತನೇ ಇಯತ್ತೆ ಪಾಸಾದವಳು, ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಓದಬಲ್ಲಳು. ಮೇ ತಿಂಗಳಲ್ಲಿ ಒಂದು ದಿನ ಕಸ ಗುಡಿಸುವಾಗ ಫೋನು ಕಂಬಳಿಯಿಂದ ಜಾರಿ ಹೊರಗೆ ಬಿದ್ದಿತ್ತು, ಪರದೆ ಬೆಳಗುತ್ತಿತ್ತು. ಮಾವ ಇದ್ದಾಗ ಅವಳೇ ಓದಿ ಹೇಳಿದ್ದ ಸಂದೇಶಗಳು ಎರಡು ಸಾಲಿನವು. ಇದು ಉದ್ದವಾಗಿತ್ತು, ಅದರಲ್ಲಿ ಪರಮೇಶನ ಹೆಸರಿತ್ತು, ಅವಳ ಹೆಸರೂ ಇತ್ತು. ಸತ್ತವನ ಫೋನಿನಲ್ಲಿ ತನ್ನ ಹೆಸರು ಕಂಡು ಅವಳು ಹೆದರಿದಳು. ಓದಲಿಲ್ಲ. ಸೆರಗಿನಿಂದ ಹಿಡಿದು, ಬೋರಲು ಮಾಡಿ, ಕಂಬಳಿಯೊಳಗೆ ತಳ್ಳಿದಳು. ಗಂಡನಿಗೂ ಹೇಳಲಿಲ್ಲ.

ಆಷಾಢದಲ್ಲಿ ಗಲಗಲಿಯಿಂದ ಹುಲೆಪ್ಪ ಬಂದ. ಅಪ್ಪಾಸಾಬನ ಜೊತೆ ಕುರಿ ಕಾಯ್ದು ಮುದುಕನಾದವನು. ಪಡಸಾಲೆಯಲ್ಲಿ ಕೂತು, ಸಿದ್ದಕ್ಕ ಹಿತ್ತಲಿಗೆ ಹೋಗುವುದನ್ನೇ ಕಾದು, ದನಿ ಇಳಿಸಿದ.

"ತಂಗಿ, ನಿಮ್ಮ ಮಾವನ್ನ ಕೇಳಕೋತ ಇಬ್ಬರು ಬಂದಿದ್ರು. ಬೈಕಿನ ಮ್ಯಾಲ. ಒಮ್ಮೆ ಅಲ್ಲ, ಮೂರು ಸಲ."

"ಸತ್ತಾರ ಅಂತ ಹೇಳಲಿಲ್ಲೇನ್ರಿ ಕಾಕಾ?"

"ಹೇಳೇನಿ. ನಕ್ರು. 'ಸತ್ತಾಂವ ಫೋನ್ ಎತ್ತತಾನೇನ ಅಜ್ಜಾ' ಅಂದ್ರು." ಹುಲೆಪ್ಪ ತಲೆಯ ಪಟಕಾ ತೆಗೆದು ಮೊಳಕಾಲ ಮೇಲೆ ಇಟ್ಟುಕೊಂಡ. "ಎತ್ತಿದ್ನಂತ ಯವ್ವಾ. ಎರಡ ಸಲ ಎತ್ತಿದ್ನಂತ. ಮಾತಾಡ್ಲಿಲ್ಲಂತ. ಬರೇ ಉಸಿರ ಕೇಳತಿತ್ತಂತ. ನಾನ ಈ ಕೈಲೆ ಮಣ್ಣ ಹಾಕೇನಿ ಅವಗ. ನಿಮ್ಮ ಬೀಗ ಹಾಕಿದ ಬಾಗಲ ಸಂದ್ಯಾಗ ಅವನ ಹೆಸರಿನ ಕಾಗದ ಸೇರ್ಸಿ ಹೋಗ್ಯಾರ. ನಾ ಮುಟ್ಟಿಲ್ಲ. ನನಗ ಆ ಕಟ್ಟಿ ಮುಂದ ಹಾಯಾಕೂ ಧೈರ್ಯ ಇಲ್ಲ ಈಗ."

ಹುಲೆಪ್ಪ ಚಹಾ ಕುಡಿಯದೆ ಎದ್ದು ಹೋದ. ಆ ಸಂಜೆ ದೀಪ ಹಚ್ಚಿದ ಮೇಲೆ ರೇಷ್ಮಾ ಅತ್ತೆಯನ್ನು ಕೇಳಿದಳು. "ಅತ್ತಿ, ಆ ಫೋನ್ ಯಾರರ ಎತ್ತ್ಯಾರೇನ್ರಿ?"

ಸಿದ್ದಕ್ಕ ದೀಪದ ಬತ್ತಿ ಸರಿಮಾಡಿದಳು. "ನಾನ ಎತ್ತೇನಿ," ಎಂದಳು. "ಹಸರ ಗುಂಡಿ ಒತ್ತಿ ಕಿವಿಗೆ ಹಿಡಕೊಂಡೆ. ಮಾತಾಡಿದ್ರ ಹೊಂಟ ಹೋಗ್ತಾರಂತ ಸುಮ್ನ ಇದ್ನಿ. ಅಲ್ಲಿಂದ ಒಬ್ಬ ಹೆಂಗಸು ಮಾತಾಡ್ತಾಳ ಬೇ. ನಮ್ಮ ಮಾತಲ್ಲ ಅದು. 'ಅಪ್ಪಾಸಾಬ್, ಅಪ್ಪಾಸಾಬ್' ಅಂತ ಹೆಸರ ಹಿಡದ ಕರೀತಾಳ. ಎಷ್ಟ ಸಲ ಎತ್ತಿದ್ರೂ ಅಕೀನ, ಅದ ಮಾತ, ಅದ ದನಿ. ಒಂಚೂರು ಹೆಚ್ಚಿಲ್ಲ, ಕಡಿಮಿಲ್ಲ. ಬದುಕಿದ್ದ ಹೆಂಗಸು ಹಂಗ ಮಾತಾಡಂಗಿಲ್ಲ." ಅವಳ ಕಣ್ಣಲ್ಲಿ ಭಯಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಿತ್ತು. "ಅಲ್ಲಿ ಯಾವಕೀನೋ ಗಂಟ ಬಿದ್ದಾಳ ಅವ್ರಿಗೆ."

ರೇಷ್ಮಾಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಆ ದನಿ ಎಲ್ಲಿಯದೆಂದು ಅವಳಿಗೆ ಅರ್ಧ ಗೊತ್ತಾಗಿತ್ತು. ಉಳಿದರ್ಧವನ್ನು ತಿಳಿದುಕೊಳ್ಳುವ ಧೈರ್ಯ ಇಲ್ಲದೆ ಅವಳು ಬ್ಯಾಂಕಿನ ಕಾಗದಗಳನ್ನು ಜೋಡಿಸುತ್ತ ಕೂತಳು.

ಜಮಖಂಡಿಯ ಬ್ಯಾಂಕಿನಲ್ಲಿ ಸಾಲದ ವಿಭಾಗದ ಅಧಿಕಾರಿ ವಿಜಯ. ಮೆತ್ತಗೆ ಮಾತಾಡುವ ಮನುಷ್ಯ. ಕಾಗದ ಎಲ್ಲ ನೋಡಿ, ಆಧಾರ ನಂಬರು ಹೊಡೆದು, ಕಂಪ್ಯೂಟರಿನಲ್ಲಿ ಸ್ವಲ್ಪ ಹೊತ್ತು ಓದಿ, ಆಮೇಲೆ ಪರದೆಯನ್ನು ಇವರ ಕಡೆ ತಿರುಗಿಸಿದ. ಗಾಡಿ ಸಾಲದ ಎದುರು ತಿಂಗಳಿಗೊಂದರಂತೆ ಸಣ್ಣ ಸಣ್ಣ ಚೌಕದ ಮನೆಗಳಿದ್ದವು. ಮೊದಲಿನ ಇಪ್ಪತ್ತೈದು ಸ್ವಚ್ಛವಾಗಿದ್ದವು. ಆಮೇಲಿನ ಆರು ಮನೆಗಳಲ್ಲಿ ಕಂತು ಎಷ್ಟು ದಿನ ತಡವಾಗಿದೆ ಎಂಬ ಅಂಕಿಗಳು ಏರುತ್ತ ಹೋಗಿ, ಕೊನೆಯದು ನೂರೈವತ್ತು ದಾಟಿತ್ತು.

"ಆರು ಕಂತು ಕಟ್ಟಿಲ್ರಿ ನೀವು," ಎಂದ ವಿಜಯ.

"ಸಾಧ್ಯನ ಇಲ್ರಿ ಸಾಹೇಬ್ರ," ಪರಮೇಶ ಎದ್ದು ನಿಂತ. "ನಮ್ಮಪ್ಪ ಕಟ್ಟಾಕತ್ತಾನ್ರೀ. ಪ್ರತಿ ತಿಂಗಳ ಐದಕ್ಕ."

"ಹಂಗಾರ ಅವರನ್ನ ಕರಕೊಂಡ ಬರ್ರಿ. ಕೇಳೂಣು."

ಪರಮೇಶ ಮತ್ತೆ ಕುರ್ಚಿಗೆ ಕೂತ. ರೇಷ್ಮಾ ನೆಲ ನೋಡುತ್ತ ಹೇಳಿದಳು, "ಅವರು ಸತ್ತಾರ್ರೀ."

"ಯಾವಾಗ?"

"ಎರಡ ವರ್ಸ ಆಗಾಕ ಬಂತ್ರಿ."

ವಿಜಯ ಮೌಸಿನ ಮೇಲಿದ್ದ ಕೈ ತೆಗೆದ. ಒಮ್ಮೆ ಗಂಡನ ಮುಖ, ಒಮ್ಮೆ ಹೆಂಡತಿಯ ಮುಖ ನೋಡಿದ. ಪರದೆಯ ಮೇಲಿನ ಮನೆಗಳನ್ನು ಬೆರಳಿಂದ ಎಣಿಸಿದ. "ಹಂಗಾರ ಸತ್ತ ಮ್ಯಾಲ ಹದಿನೇಳು ಕಂ..." ಎಂದು ಶುರುಮಾಡಿ ಮಾತು ನುಂಗಿಕೊಂಡ. ಬಿಸಿಲಿನ ಆ ಹನ್ನೆರಡು ಗಂಟೆಯಲ್ಲಿ ಅವನ ತೋಳಿನ ಕೂದಲು ನಿಂತದ್ದನ್ನು ರೇಷ್ಮಾ ನೋಡಿದಳು.

ಆಮೇಲೆ ಅವನು ತಾಳ್ಮೆಯಿಂದ ಬಿಡಿಸಿ ಹೇಳಿದ. ಸಾಲ ಕಟ್ಟುವ ನಡತೆಗೆ ಶಾಲೆಯ ಹಾಗೆ ಮಾರ್ಕು ಇರುತ್ತದೆ. ಏಳುನೂರರ ಮೇಲಿದ್ದರೆ ಮನೆಸಾಲಕ್ಕೆ ದಾರಿ ಸಲೀಸು. ಪರಮೇಶನದು ಐನೂರ ಮೂವತ್ತೊಂದಕ್ಕೆ ಇಳಿದಿದೆ; ಜೊತೆಗೆ ಸಹಿ ಮಾಡಿದ್ದಕ್ಕೆ ರೇಷ್ಮಾಳದೂ ಐನೂರ ನಲವತ್ತರ ಹತ್ತಿರ ಬಂದಿದೆ. ಒಬ್ಬರದು ಕೆಟ್ಟು ಇನ್ನೊಬ್ಬರದು ಚೆನ್ನಾಗಿದ್ದರೆ ಒಳ್ಳೆಯವರ ಹೆಸರಿನಲ್ಲಾದರೂ ನೋಡಬಹುದಿತ್ತು, ಇಲ್ಲಿ ಇಬ್ಬರದೂ ಒಟ್ಟಿಗೇ ಬಿದ್ದಿದೆ. ಖಾತೆಯಲ್ಲಿದ್ದ ಹಣ ತೀರಿದೆ, ಖಾತೆದಾರ ಸತ್ತದ್ದನ್ನು ಯಾರೂ ತಿಳಿಸಿಲ್ಲ, ಫೈನಾನ್ಸಿನವರು ಬರೆದ ನೋಟೀಸು, ಮಾಡಿದ ಫೋನು ಎಲ್ಲ ಸತ್ತವನಿಗೇ ಹೋಗಿದೆ. ಗಾಡಿ ಎಳೆದುಕೊಂಡು ಹೋಗಿಲ್ಲ ಎನ್ನುವುದೇ ಪುಣ್ಯ.

"ಈಗ ಏನ್ ಮಾಡೂದ್ರಿ?" ರೇಷ್ಮಾ ಕೇಳಿದಳು.

"ಬಾಕಿ ಪೂರ್ತಿ ಕಟ್ರಿ. ಸತ್ತ ದಾಖಲೆ ಕೊಟ್ಟು ಅವರ ಖಾತೆ ಮುಚ್ಚಸ್ರಿ, ನಾಮಿನಿ ಬಂದು ಹೆಬ್ಬೆಟ್ಟು ಒತ್ತಬೇಕು. ಕಂತು ನಿಮ್ಮ ಖಾತೆಯಿಂದ ಹೋಗೂ ಹಂಗ ಮಾಡ್ರಿ. ಎರಡು ವರ್ಸ, ಇಪ್ಪತ್ನಾಕು ತಿಂಗಳು, ಒಂದೂ ತಪ್ಪಿಸದಂಗ ಕಟ್ರಿ. ಆಮ್ಯಾಲ ಬರ್ರಿ ನನ್ನ ಕಡೆ, ನೋಡೂಣು."

ಗಣಪತಿ ಹಬ್ಬಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ. ಪರಮೇಶ ಟಂಟಂ ತಿರುಗಿಸಿಕೊಂಡು ಬನಹಟ್ಟಿಗೆ ಬಂದ. ಮನೆ ಮುಂದೆ ಗಾಡಿ ನಿಲ್ಲಿಸಿ, ಕೀಲಿ ತೆಗೆದು, ಮುಂದಕ್ಕೇ ನೋಡುತ್ತ ಕೇಳಿದ, "ನಿನಗ ಓದಾಕ ಬರ್ತಿತ್ತಲ್ಲ?"

"ಬರ್ತಿತ್ತು," ಎಂದಳು ರೇಷ್ಮಾ. "ನಿಮಗ ಎಣಸಾಕ ಬರ್ತಿತ್ತಲ್ರೀ?"

ಒಳಗೆ ಫೋನು ರಿಂಗಾಗುತ್ತಿರುವುದು ಗಾಡಿಯವರೆಗೆ ಕೇಳಿಸುತ್ತಿತ್ತು.

ರೇಷ್ಮಾ ಇಳಿದು ನೇರ ಜಗಲಿಯ ಹತ್ತಿರ ಹೋದಳು. ಕಂಬಳಿಯೊಳಗೆ ಕೈ ಹಾಕಿದಳು. ಸಿದ್ದಕ್ಕ ಓಡಿಬಂದು ಅವಳ ಮಣಿಕಟ್ಟು ಹಿಡಿದಳು. ಎಪ್ಪತ್ತರ ಮುದುಕಿಯ ಹಿಡಿತ ಬಳೆ ಮುರಿಯುವಷ್ಟು ಬಿಗಿಯಾಗಿತ್ತು.

"ಬಿಡ ಬೇ. ಮುಟ್ಟಬ್ಯಾಡ."

"ಅತ್ತಿ, ಇಷ್ಟು ದಿನ ಅವರು ಏನಂದಾರ ಅಂತ ಓದತೇನಿ. ನೀವು ಕೇಳ್ರಿ. ಅಷ್ಟ."

ಯಾಕೋ ಆ ಮಾತಿಗೆ ಸಿದ್ದಕ್ಕನ ಕೈ ಸಡಿಲಾಯಿತು. ಅವಳು ಕಂಬಳಿಯ ಎದುರು ಕೂತಳು, ಸೆರಗು ತಲೆಗೆ ಎಳೆದುಕೊಂಡಳು. ರೇಷ್ಮಾ ಅರಿಷಿಣ ಮೆತ್ತಿದ ಬಟನ್ನುಗಳನ್ನು ಒತ್ತಿ ಒತ್ತಿ ಹಳೆಯ ಸಂದೇಶದಿಂದ ಶುರು ಮಾಡಿದಳು. ಮುದುಕ ಸತ್ತ ಮರುತಿಂಗಳಿನದು.

"ಐದು ಸಾವಿರದ ನಾಲ್ಕನೂರು ಹೋತು."

ಸಿದ್ದಕ್ಕ ಹೂಂ ಎಂದಳು.

"ಐದು ಸಾವಿರದ ನಾಲ್ಕನೂರು ಹೋತು." ಹೂಂ. ಮತ್ತೆ ಅದೇ, ಮತ್ತೆ ಹೂಂ. ಹದಿನೇಳು ಸಲ. ಪ್ರತಿ ಸಲಕ್ಕೂ ಮುದುಕಿಯ ಮುಖ ಅರಳುತ್ತ ಹೋಯಿತು. ಪ್ರತಿ ಸಲಕ್ಕೂ ಖಾತೆಯಲ್ಲಿ ಉಳಿದದ್ದು ಇಳಿಯುತ್ತ ಹೋದದ್ದನ್ನು ರೇಷ್ಮಾ ಮನಸ್ಸಿನಲ್ಲೇ ಓದಿಕೊಂಡಳು. ಹದಿನೇಳನೆಯದರ ಕೆಳಗೆ ಬರೀ ಒಂದು ಸಾವಿರ ಉಳಿದಿತ್ತು.

"ಮುಂದ?" ಎಂದಳು ಸಿದ್ದಕ್ಕ.

"ರೊಕ್ಕ ಇಲ್ಲ," ರೇಷ್ಮಾ ಓದಿದಳು. "ಕಂತು ಹೋಗಿಲ್ಲ. ದಂಡ ಬಿದ್ದೈತಿ." ಕೆಳಗಿನದು. "ರೊಕ್ಕ ಇಲ್ಲ. ಕಂತು ಹೋಗಿಲ್ಲ." ಇನ್ನೂ ಕೆಳಗಿನದು. "ರೊಕ್ಕ ಇಲ್ಲ. ಲಗೂನ ಕಟ್ರಿ. ಪರಮೇಶನ ಹೆಸರು ಕೆಡತೈತಿ, ರೇಷ್ಮಾನ ಹೆಸರು ಕೆಡತೈತಿ." ಮೇ ತಿಂಗಳಿನದು ಅದು. ಆದರೂ ನಿಲ್ಲಿಸದೆ ಆರನ್ನೂ ಓದಿ ಮುಗಿಸಿದಳು.

ಬಾಗಿಲಲ್ಲಿ ಪರಮೇಶ ಚೌಕಟ್ಟು ಹಿಡಿದು ನಿಂತಿದ್ದ. ಸಿದ್ದಕ್ಕ ಫೋಟೋದ ಕಡೆಗೇ ನೋಡುತ್ತಿದ್ದಳು. ಅವಳು ಮಾತಾಡಿದಾಗ ದನಿ ತೀರ ಸಣ್ಣಗಿತ್ತು.

"ನನ್ನ ಕಡೆ ರೊಕ್ಕ ಇಲ್ಲ, ನನ್ನ ಕಡೆ ರೊಕ್ಕ ಇಲ್ಲ ಅಂತ ಆರು ತಿಂಗಳ ಒದರ್ಯಾರ. ನಾವು ಊದಿನಕಡ್ಡಿ ಹಚ್ಚಕೋತ ಕುಂತೇವಿ."

ಅವಳು ಎರಡು ವರ್ಷದಲ್ಲಿ ಮೊದಲ ಸಲ ದನಿ ತೆಗೆದು ಅತ್ತಳು. ಮಣ್ಣಿನ ದಿನವೂ ಹಾಗೆ ಅತ್ತಿರಲಿಲ್ಲ ಎಂದು ರೇಷ್ಮಾಳಿಗೆ ನೆನಪಿದೆ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಎದ್ದಳು. "ನಡೀರಿ. ಎಲ್ಲಿ ಒತ್ತಬೇಕು ಹೆಬ್ಬೆಟ್ಟು?"

ಒತ್ತಿದಳು. ಬ್ಯಾಂಕಿನವರು ಅಪ್ಪಾಸಾಬನ ಪಾಸ್‌ಬುಕ್ಕಿನ ಮೇಲೆ ಅಡ್ಡ ಗೆರೆ ಎಳೆದು ಮುದ್ರೆ ಹಾಕಿದಾಗ ಅವಳು ಆ ಮುದ್ರೆಯ ಸಪ್ಪಳಕ್ಕೆ ಬೆಚ್ಚಿ ಸೊಸೆಯ ಸೆರಗು ಹಿಡಿದಳು. ಫೋನಿಗೆ ಮತ್ತೆ ರಿಚಾರ್ಜ್ ಮಾಡಿಸಲಿಲ್ಲ.

ಹೊಳಬಸಪ್ಪ ಕೆಟ್ಟವನಲ್ಲ. ಕಾಗದದ ಪ್ರಕಾರ ಇಸಾರ ಪೂರ್ತಿ ನುಂಗಬಹುದಿತ್ತು. ಅರ್ಧ ಹಿಂದೆ ಕೊಟ್ಟ. ಆ ಐವತ್ತು ಸಾವಿರದಲ್ಲಿ ಆರು ಕಂತು, ಆಗಸ್ಟ್ ತಿಂಗಳದ್ದೊಂದು, ಬಡ್ಡಿ, ದಂಡ ಸೇರಿ ನಲವತ್ತೆರಡು ಸಾವಿರ ನೇರ ಫೈನಾನ್ಸಿಗೆ ಹೋಯಿತು. ಕೂಡಿಟ್ಟದ್ದರಲ್ಲಿ ಮೂರು ಲಕ್ಷ ಚಿಲ್ಲರೆ ಉಳಿಯಿತು, ಆದರೆ ಅಷ್ಟಕ್ಕೆ ಯಾರು ಮನೆ ಕೊಟ್ಟಾರು? ಹೊಳಬಸಪ್ಪ ಮನೆಯನ್ನು ರಬಕವಿಯ ಒಬ್ಬ ನೂಲಿನ ವ್ಯಾಪಾರಿಗೆ ಮಾರಿದ. ಹೊಸ ಮಾಲೀಕ ಇವರನ್ನು ಎಬ್ಬಿಸಲಿಲ್ಲ, ಬಾಡಿಗೆ ಐನೂರು ಏರಿಸಿದ. ಕಾಗದ ಬರೆಸಿಕೊಂಡು ಅವನು ಮನೆ ನೋಡಲು ಬಂದ ದಿನ ರೇಷ್ಮಾ ಹಿತ್ತಲಿಗೆ ಹೋಗಿ ನಿಂತಳು. ಯಾರ ಮೇಲೆ ಸಿಟ್ಟು ಮಾಡಬೇಕು ಎಂದು ಅವಳಿಗೆ ತಿಳಿಯಲಿಲ್ಲ. ಗಂಡನ ಮೇಲೆ, ಅತ್ತೆಯ ಮೇಲೆ, ಮೇ ತಿಂಗಳಲ್ಲಿ ಫೋನನ್ನು ಬೋರಲು ಹಾಕಿದ ತನ್ನ ಕೈಯ ಮೇಲೆ.

ಸೆಪ್ಟೆಂಬರ್ ಐದನೇ ತಾರೀಖು ಬಂತು. ಕಂತು ಈಗ ಪರಮೇಶನ ಖಾತೆಯಿಂದ ಹೋಗಬೇಕು, ಸಂದೇಶ ಪರಮೇಶನ ನಂಬರಿಗೆ ಬರಬೇಕು. ಇದನ್ನು ಸಿದ್ದಕ್ಕನಿಗೆ ಹೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಬೆಳಕು ಹರಿಯುವ ಹೊತ್ತು, ಪಡಸಾಲೆಯಲ್ಲಿ ಮಲಗಿದ್ದ ಪರಮೇಶನ ತಲೆದಿಂಬಿನ ಕೆಳಗೆ, ಸತ್ತವನ ಕಂಬಳಿಯೊಳಗಿಂದ ಬರುತ್ತಿದ್ದ ಅದೇ ಗುರ್ ಎಂಬ ಸಪ್ಪಳವಾಯಿತು.

"ಪರಮ್ಯಾ!"

ಮುದುಕಿ ಕೂಗಿದ ರೀತಿಗೆ ರೇಷ್ಮಾ ಒಲೆ ಬಿಟ್ಟು ಓಡಿ ಬಂದಳು. ಸಿದ್ದಕ್ಕ ಮಗನ ಮೇಲೆ ಬಾಗಿ, ಅಂಗಿಯ ಗುಂಡಿ ಕಿತ್ತು, ಎದೆಯ ಮೇಲೆ ಅಂಗೈ ಊರಿ ಕೂತಿದ್ದಳು. ಪರಮೇಶ ಗಾಬರಿಬಿದ್ದು, "ಯವ್ವಾ, ಏನಾತ? ಏನಾತ ಯವ್ವಾ?" ಎನ್ನುತ್ತಿದ್ದ. ಅಂಗೈಗೆ ಏನು ತಾಗುತ್ತದೆ ಎಂಬುದರ ಮೇಲೆಯೇ ಅವಳ ಲಕ್ಷ್ಯವಿತ್ತು. ಬಹಳ ಹೊತ್ತಿನ ಮೇಲೆ ಉಸಿರು ಬಿಟ್ಟಳು.

"ಓದ ಬೇ," ಎಂದಳು ಸೊಸೆಗೆ.

ರೇಷ್ಮಾ ದಿಂಬಿನ ಕೆಳಗಿಂದ ಫೋನು ತೆಗೆದಳು. "ಐದು ಸಾವಿರದ ನಾಲ್ಕನೂರು ಹೋಗೇತ್ರಿ ಅತ್ತಿ. ಇವರ ಖಾತೇದಾಗಿಂದ."

"ಇನ್ನ ಎಷ್ಟ ಸಲ ಹಿಂಗ ಸಪ್ಪಳ ಆಗತೈತಿ?"

"ಮತ್ತ ಮನಿ ಸಾಲ ಕೇಳಬೇಕಂದ್ರ ಇನ್ನೂ ಇಪ್ಪತ್ಮೂರು ಸಲ ಆಗಬೇಕ್ರಿ."

ಸಿದ್ದಕ್ಕ ಮಗನ ಎದೆಯ ಮೇಲಿನ ಕೈ ತೆಗೆಯಲಿಲ್ಲ.

"ಇಪ್ಪತ್ಮೂರೂ ಸಲ ನನ್ನ ಎಬ್ಬಸು," ಎಂದಳು. "ಮುಟ್ಟಿ ನೋಡತೇನಿ."